ವಿಚಾರಣೆಗೆ ಬಂದ ಹುಡುಗಿ

ಬೋರಗಾಂವದ ಆ ಓಣಿಯಲ್ಲಿ ಹಗಲೆಲ್ಲ ಮಗ್ಗಗಳ ಸದ್ದು. ಮಾತಾಡುವವರು ಕೂಗಿಯೇ ಮಾತಾಡಬೇಕು. ಕಾಂಚನಳ ಮನೆ ಮಾತ್ರ ಅವಳಿಗೆ ಹೃದಯದ ಬೈಪಾಸ್ ಆಪರೇಷನ್ ಆದಂದಿನಿಂದ ಸುಮ್ಮನಿತ್ತು. ಗಂಡ ಶಾಂತಿನಾಥ ತೀರಿಕೊಂಡ ಮೇಲೆ ಪಡಸಾಲೆಯ ಎರಡು ಮಗ್ಗಗಳನ್ನು ಅವಳೇ ಓಡಿಸುತ್ತಿದ್ದಳು. ಈಗ ಭಾರ ಎತ್ತಬಾರದು, ಬಹಳ ಹೊತ್ತು ನಿಲ್ಲಬಾರದು ಎಂದು ಮಿರಜದ ಡಾಕ್ಟರು ಹೇಳಿದ್ದರು. ಮಕ್ಕಳಿಲ್ಲ. ನಾದಿನಿಯ ಮಗ ನಿಲೇಶ ಆಸ್ಪತ್ರೆಯಲ್ಲಿ ಸಹಿ ಹಾಕಿ, ಬಿಡುಗಡೆಯ ದಿನ ಮನೆತನಕ ಬಿಟ್ಟು ಇಚಲಕರಂಜಿಗೆ ಹೋದವನು ಮತ್ತೆ ಬಂದಿರಲಿಲ್ಲ.

ಶಾಂತಿನಾಥ ಸತ್ತ ಮೇಲೆ ಅದೇ ವರ್ಷ ಅವಳು ಗಂಭೀರ ಕಾಯಿಲೆಯ ವಿಮೆ ಮಾಡಿಸಿದ್ದಳು. ಅದರ ಹಣಕ್ಕೆ ಅರ್ಜಿ ಹೋದ ಮೇಲೆ ಒಂದು ಮಧ್ಯಾಹ್ನ ಕಂಪನಿಯ ಕಡೆಯಿಂದ ಅಫ್ರೀನ ಎಂಬ ಹುಡುಗಿ ವಿಚಾರಣೆಗೆ ಬಂದಳು. ಕಾಂಚನ ಚಾಪೆ ಹಾಸಿ, ಬೇಡವೆಂದರೂ ಅವಲಕ್ಕಿ ಒಗ್ಗರಣೆ ಹಾಕಿ ಮುಂದಿಟ್ಟಳು.

“ಅಕ್ಕಾರ, ನೋವು ಬಂದಾಗ ಯಾರ ಜೋಡಿ ಹೋದ್ರಿ?”

“ಒಬ್ಬಾಕೀನ ಹೋದ್ನಿ. ಬಸ್ಸಿನ್ಯಾಗ.”

ಈ ಪ್ರಶ್ನೆಯನ್ನು ಅವಳಿಗೆ ಇದುವರೆಗೆ ಯಾರೂ ಕೇಳಿರಲಿಲ್ಲ. ಮಾತು ಶುರುವಾಯಿತು, ನಿಲ್ಲಲಿಲ್ಲ. ಮಗ್ಗದ ಮುಂದೆ ಕೈ ಜೋಮು ಹಿಡಿದದ್ದು, ಬಸ್ಸಿನಲ್ಲಿ ಪಕ್ಕದವರಿಗೆ ಗೊತ್ತಾಗಬಾರದೆಂದು ಸೆರಗು ಕಚ್ಚಿಕೊಂಡಿದ್ದು, ಎಲ್ಲ ಹೇಳಿದಳು. ಹೇಳುತ್ತ ಹೇಳುತ್ತ, “ನಮ್ಮನಿಯವರು ಹೋದ ದಿನಾನೂ ಎದಿ ಹಿಂಗ ಹಿಡದಿತ್ತು” ಅಂದುಬಿಟ್ಟಳು.

ಅಫ್ರೀನಳ ಪೆನ್ನು ನಿಂತಿತು. “ಅಕ್ಕಾರ, ಇದನ್ನ ಬರೀಬೇಕಾಗ್ತೈತಿ. ಪಾಲಿಸಿಗಿಂತ ಮೊದಲ ರೋಗ ಇತ್ತು ಅಂತ ಕಂಪನಿಯವ್ರು ರೊಕ್ಕ ಕೊಡದೇನೂ ಇರಬಹುದು.”

“ಬರಿ ತಂಗಿ. ಆಗಿದ್ದು ಆಗೇತಿ.”

“ಆವಾಗ ಡಾಕ್ಟರಿಗೆ ತೋರ್ಸಿದ್ರೇನು?”

“ಹೆಣ ಅಂಗಳದಾಗ ಇತ್ತು. ನನ್ನ ಎದಿ ಯಾರಿಗೆ ತೋರ್ಸಲಿ?”

ಅಫ್ರೀನ ಅದನ್ನೂ ಹಾಗೆಯೇ ಬರೆದುಕೊಂಡು, ನೆರೆಮನೆಯ ಲಕ್ಷ್ಮಿಬಾಯಿಯನ್ನು ವಿಚಾರಿಸಲು ಹೋದಳು. ಮಗ್ಗದ ಸದ್ದಿನಲ್ಲಿ ಇಬ್ಬರೂ ಕೂಗಿ ಮಾತಾಡುತ್ತಿದ್ದುದರಿಂದ ಬಾಗಿಲಲ್ಲಿ ನಿಂತ ಕಾಂಚನಳಿಗೆ ಪ್ರತಿ ಮಾತೂ ಕೇಳಿಸಿತು.

“ಆಪರೇಷನ್ನ? ಯಾವಾಗ? ತವರಮನಿಗೆ ಹೋಗ್ಯಾಳ ಅಂತ ತಿಳ್ಕೊಂಡಿದ್ವಿ ನಾವು.”

ಕಾಂಚನ ಒಳಗೆ ಬಂದು ಬಾಗಿಲು ಮುಂದೆ ಮಾಡಿದಳು.

ಅಂದು ಹೊತ್ತು ಮುಳುಗುವ ಮೊದಲೇ ಲಕ್ಷ್ಮಿಬಾಯಿ ರೊಟ್ಟಿ, ಜುಣಕ ತಂದಳು. “ಒಂದು ಮಾತು ಹೇಳಬಾರದೇನ?” ಎಂದು ಗದರಿಸಿ, ಪಕ್ಕದಲ್ಲಿ ಕುಳಿತು ಉಣ್ಣಿಸಿದಳು. ಕೆಲವು ದಿನ ಹೀಗೆ ಬಂದಳು. ಆಮೇಲೆ ಅವಳ ಮನೆಯಲ್ಲಿ ಕೆಲಸ ಹೆಚ್ಚಾಯಿತು, ಬರುವುದು ಕಡಿಮೆಯಾಯಿತು.

ಕಂಪನಿ ಮತ್ತೊಮ್ಮೆ ಡಾಕ್ಟರ ಪತ್ರ ಕೇಳಿತು, ಕಾಯಿಸಿತು, ಕೊನೆಗೆ ಮೊದಲೇ ರೋಗವಿತ್ತೆಂಬುದಕ್ಕೆ ದಾಖಲೆ ಇಲ್ಲವೆಂದು ಕ್ಲೇಮು ಮಂಜೂರು ಮಾಡಿತು. ಬ್ಯಾಂಕಿನ ಸಂದೇಶ ಬಂದಾಗ ಕಾಂಚನ ಸೊಪ್ಪು ಸೋಸುತ್ತಿದ್ದಳು. ಓದಿದಳು, ಯಾರಿಗೆ ಹೇಳಲಿ ಎಂದು ಯೋಚಿಸಿದಳು. ನಿಲೇಶನ ಫೋನು ಹತ್ತಲಿಲ್ಲ. ಅಫ್ರೀನ ಕೊಟ್ಟುಹೋಗಿದ್ದ ನಂಬರಿಗೆ ಹಚ್ಚಿದಳು.

“ಯಾರ್ರಿ?”

“ಬೋರಗಾಂವದಿಂದ ಕಾಂಚನ.”

“ಯಾವ ಕೇಸ್ ರಿ? ಕ್ಲೇಮ್ ನಂಬರ್ ಹೇಳ್ರಿ.”

“ಕೇಸ್ ಮುಗೀತು ತಂಗಿ. ರೊಕ್ಕ ಬಂತು ಅಂತ ಹೇಳಾಕ ಹಚ್ಚಿದ್ನಿ.”

ಆ ಕಡೆ ಯಾರೋ ಅವಳನ್ನು ಕರೆಯುತ್ತಿದ್ದರು. “ಛಲೋ ಆತು ಬಿಡ್ರಿ,” ಎಂದಳು ಅಫ್ರೀನ.

“ಈ ಕಡೆ ಬಂದ್ರ ಮನಿಗೆ ಬಾ,” ಎನ್ನುವಷ್ಟರಲ್ಲಿ ಫೋನು ಕಟ್ಟಾಗಿತ್ತು.