ಕೋವಿಗೆ ದೀಪ ಕಟ್ಟುತ್ತಿದ್ದ ಆಲ್ಬಿನ್

ವೆಸೆಲಿ ಊರಿನ ನಮ್ಮ ಹಿಂಡಿ-ಬೂಸಾ ಅಂಗಡಿಯ ಹಿಂಭಾಗದಲ್ಲಿ, ಕೋಳಿ ಆಹಾರದ ಮೂಟೆಗಳ ಪಕ್ಕ, ಒಂದು ಓಕ್ ಮರದ ಮೇಜಿದೆ. ಆಲ್ಬಿನ್ ಹೊಲುಬ್ ತನ್ನ ನಡುವಯಸ್ಸನ್ನೆಲ್ಲ ಅದರ ಮುಂದೆ ಕೂತು ಬೇರೆಯವರ ಕೋವಿಗಳಿಗೆ ದೀಪ ಕಟ್ಟುತ್ತ ಕಳೆದ. ಅವನಿಂದ ನಾವು ಬಾಡಿಗೆ ಕೇಳಿದವರಲ್ಲ. ದೀಪ ಕಟ್ಟಿಸಿಕೊಳ್ಳಲು ಬಂದವನು ಬರಿಗೈಲಿ ಹೋಗಲು ನಾಚಿ ಒಂದು ಮೂಟೆ ಬೂಸಾ ಹೊತ್ತುಕೊಂಡು ಹೋಗುತ್ತಿದ್ದ.

ಆಲ್ಬಿನ್ ಮದುವೆಯಾಗಲಿಲ್ಲ. ಒಬ್ಬಳ ಜೊತೆ ಮಾತುಕತೆ ನಡೆದಿತ್ತು, ಅವಳು ಹ್ಯೂಸ್ಟನ್ನಿನ ಒಬ್ಬ ಇನ್ಶೂರೆನ್ಸ್ ಏಜೆಂಟನ ಕೈಹಿಡಿದಳು. ಭಾನುವಾರ ಇಗರ್ಜಿಯ ಹಿಂದಿನ ಹಾಲಿನಲ್ಲಿ ತಾರೊಕ್ ಇಸ್ಪೀಟು ಆಡುವಾಗ ಯಾರಾದರೂ ಅದನ್ನು ಎತ್ತಿದರೆ, ರಾತ್ರಿಯೆಲ್ಲ ಹಂದಿ ಕಾಯುವವನ ಮನೆಯಲ್ಲಿ ಹೆಂಡತಿಗೆ ಏನು ಕೆಲಸ ಎಂದು ತಾನೇ ನಗುತ್ತಿದ್ದ.

ಹಂದಿ ಕಾಯುವುದು ನಮ್ಮ ಕಡೆ ತಮಾಷೆಯಲ್ಲ. ಫೆಬ್ರವರಿ ಕೊನೆಗೆ ಮೆಕ್ಕೆಜೋಳ ಬಿತ್ತಿದ ರಾತ್ರಿಯೇ ಅವು ಹಳ್ಳದಿಂದ ಮೇಲೇರಿ ಬರುತ್ತವೆ. ಬಿತ್ತಿದ ಸಾಲಿಗೆ ಮೂತಿಯಿಟ್ಟು, ಮುದುಕಿಯರು ಜಪಮಣಿ ಎಣಿಸಿದ ಹಾಗೆ ಒಂದೊಂದೇ ಕಾಳು ಹೆಕ್ಕುತ್ತ ಹೊಲದ ಆ ತುದಿ ಮುಟ್ಟುತ್ತವೆ. ಬೆಳಗ್ಗೆ ಹೋಗಿ ನೋಡಿದರೆ ಯಾರೋ ನೇಗಿಲು ಹೊಡೆದಂತಿರುತ್ತದೆ. ಹಗಲಲ್ಲಿ ಒಂದೂ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ರಾತ್ರಿ ಹೊಡೆಯಬೇಕು, ರಾತ್ರಿಗೆ ದೀಪ ಬೇಕು.

ಯಾರೇ ಬರಲಿ, ಪೇಟೆಯಿಂದ ತಂದ ಅತಿ ಪ್ರಖರವಾದ ದೀಪವನ್ನು ಮೇಜಿನ ಮೇಲಿಟ್ಟು ಹೆಮ್ಮೆಯಿಂದ ನಿಲ್ಲುತ್ತಿದ್ದರು. ಆಲ್ಬಿನ್ ಅದನ್ನು ತಿರುಗಿಸಿ ನೋಡಿ, "ಇದನ್ನ ಕೊಟ್ಟಿಗೆಗೆ ಹಾಕ್ಕೋ, ಹಸು ಚೆನ್ನಾಗಿ ಕಾಣ್ತವೆ," ಎನ್ನುತ್ತಿದ್ದ. ಬಿಳಿ ಬೆಳಕು ಬಿದ್ದ ತಕ್ಷಣ ಹಂದಿ ಹಳ್ಳ ಸೇರುತ್ತದೆ. ಹಸಿರು ನಮ್ಮ ಕಣ್ಣಿಗೆ ಹಿತ, ದೂರವೂ ಹೋಗುತ್ತದೆ. ಕೆಂಪು ಅಷ್ಟು ದೂರ ಹೋಗದು, ಆದರೆ ಒಮ್ಮೆ ಗುಂಡು ತಿಂದು ಉಳಿದ ಜಾಣ ಹಂದಿಗೂ ಅದರ ಸುಳಿವು ಬೇಗ ಸಿಗುವುದಿಲ್ಲ. ಕೆಂಪಿನಲ್ಲೂ ಮೊದಲು ತೀರಾ ಮಂದವಾಗಿ ಹಚ್ಚಿ, ಮೆಲ್ಲಗೆ ಏರಿಸುವಂಥದ್ದು ಬೇಕು. ನಳಿಗೆಯ ಪಕ್ಕಕ್ಕೆ ಕಟ್ಟಿದರೆ ಬೆಳಕು ಕಬ್ಬಿಣಕ್ಕೆ ತಗುಲಿ ಹೊಡೆಯುವವನ ಕಣ್ಣಿಗೇ ಚುಚ್ಚುತ್ತದೆಂದು, ಗುರಿ ನೋಡಲು ಕೋವಿಯ ಮೇಲೆ ಕೂರಿಸುವ ದುರ್ಬೀನಿನ ನೆತ್ತಿಗೇ ಕಟ್ಟುತ್ತಿದ್ದ. ಮುಸ್ಸಂಜೆಗೆ ನಮ್ಮ ಉಗ್ರಾಣದ ಗೋಡೆಯ ಮೇಲೆ ಬೆಳಕಿನ ನಡುವನ್ನು ದುರ್ಬೀನಿನ ಗೆರೆಗೆ ಕೂಡಿಸಿ, ತಿರುಪಿಗೆ ಒಂದು ಹನಿ ಅಂಟು ಬಿಟ್ಟು, ನಾಲ್ಕು ಗುಂಡು ಹಾರಿಸಿ, ಒದೆತಕ್ಕೆ ಸಡಿಲವಾಗಿದೆಯೇ ಎಂದು ಮತ್ತೆ ನೋಡುತ್ತಿದ್ದ.

ಕೋವಿಯನ್ನು ಕೈಗೆ ಕೊಡುವಾಗ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದ. "ಕಣ್ಣು ಹೊಳೆದ್ರೆ ಹೊಡೀಬೇಡ. ಹೊಳೆಯೋದು ದನ, ಜಿಂಕೆ, ಯಾರದ್ದೋ ನಾಯಿ. ಕಪ್ಪಗೆ ಗುಪ್ಪೆ ಬಿದ್ದಿದ್ದು, ಕಣ್ಣು ಹೊಳೀಲಿಲ್ಲ ಅಂದ್ರೆ ಅದು ಹಂದಿ." ಹಂದಿಯ ಕಣ್ಣು ದೀಪಕ್ಕೆ ಸರಿಯಾಗಿ ಹೊಳೆಯುವುದಿಲ್ಲ ಎನ್ನುವುದು ನಿಜವೇ. ಆ ಮಾತು ನಮ್ಮ ಸೀಮೆಯಲ್ಲಿ ಗಾದೆಯಂತೆ ಹರಡಿತು.

ಆಲ್ಬಿನ್ ಪಾಲಿಗೆ ಉಳುತ್ತಿದ್ದ ಹೊಲ ವ್ಲಾಸ್ತಾ ಯಾನೆಕ್ ಅವರದು. ಊರಿನ ಕಿರಿಯರೆಲ್ಲ ಆಕೆಯನ್ನು ತೆತಾ ಎನ್ನುತ್ತಿದ್ದೆವು. ನಮ್ಮ ಹಿರಿಯರ ಭಾಷೆಯಲ್ಲಿ ಅದು ಅತ್ತೆಗೂ ಸರಿ, ಚಿಕ್ಕಮ್ಮನಿಗೂ ಸರಿ. ಗಂಡ ಜೆರೋಮ್ ಪಾರ್ಶ್ವವಾಯು ಬಡಿದು ಹಳ್ಳದ ಬದಿಯ ಪೆಕಾನ್ ಮರಗಳ ಕೆಳಗೇ ಸತ್ತಿದ್ದ. ಸಿಗರೇಟು ಬಿಟ್ಟೆನೆಂದು ಹೆಂಡತಿಗೆ ಆಣೆಯಿಟ್ಟಿದ್ದವನು, ಹಂದಿ ನೋಡಿ ಬರುವ ನೆಪದಲ್ಲಿ ದಿನವೂ ಊಟದ ಮೇಲೆ ಆ ಮರಗಳ ಹತ್ತಿರ ಹೋಗಿ ಸೇದುತ್ತಿದ್ದ. ಪಾತ್ರೆ ತೊಳೆಯುತ್ತ ನಿಂತ ತೆತಾಗೆ ಅಡಿಗೆಮನೆಯ ಕಿಟಕಿಯಿಂದ ಆ ಕೆಂಡದ ಚುಕ್ಕಿ ಕಾಣುತ್ತಿತ್ತು. ಕಂಡಿದ್ದೇನೆಂದು ಅವನಿಗೆ ಕೊನೆಯವರೆಗೂ ಹೇಳಲಿಲ್ಲವಂತೆ.

ಜೆರೋಮ್ ಹೋದ ಮರುವರ್ಷದ ಬಿತ್ತನೆ ಮುಗಿದಿತ್ತು. ಆಲ್ಬಿನ್ ಹೊಲದ ಗೇಟಿನ ಹತ್ತಿರ ಪಿಕಪ್ ನಿಲ್ಲಿಸಿ, ಕೋವಿಯನ್ನು ಮುಕ್ಕಾಲಿಯ ಮೇಲೆ ಊರಿ ಕಾಯುತ್ತಿದ್ದ. ಚಂದ್ರನಿಲ್ಲದ ರಾತ್ರಿ. ಹಳ್ಳದ ಕಡೆಯ ಸಾಲುಗಳಲ್ಲಿ ಮಣ್ಣು ಕೆದಕುವ ಸದ್ದು ಬಂತು. ದೀಪವನ್ನು ಕೂದಲೆಳೆಯಷ್ಟು ತಿರುಗಿಸಿದ. ಕೆಂಪು ಮಬ್ಬಿನಲ್ಲಿ ಒಂದು ಕಪ್ಪು ಗುಪ್ಪೆ, ತಲೆ ಕೆಳಗೆ ಹಾಕಿ ಸಾಲು ಹಿಡಿದು ಮುಂದೆ ಮುಂದೆ ಸರಿಯುತ್ತಿತ್ತು. ಕಣ್ಣು ಹೊಳೆಯಲಿಲ್ಲ. ಹಿಂಭಾಗ ಅವನ ಕಡೆಗಿತ್ತು. ಪಕ್ಕಕ್ಕೆ ತಿರುಗಲಿ, ಹೆಗಲ ಹಿಂದಕ್ಕೆ ಇಡೋಣ ಎಂದು ಬೆರಳಿಟ್ಟು ಕಾದ. ಅದು ತಿರುಗಲಿಲ್ಲ. ಇನ್ನು ಕಾಯುವುದು ಬೇಡ, ಬೆನ್ನಿಗೇ ಹೊಡೆದರಾಯಿತು ಎಂದು ಉಸಿರು ಬಿಗಿಹಿಡಿದ.

ಅಷ್ಟರಲ್ಲಿ ಅದು ಎದ್ದು ಎರಡು ಕಾಲ ಮೇಲೆ ನಿಂತಿತು. ಸೊಂಟಕ್ಕೆ ಕೈಕೊಟ್ಟು ನೆಟ್ಟಗಾಯಿತು. ತಲೆಗೆ ಕಟ್ಟಿದ ಬಟ್ಟೆ ಕಂಡಿತು.

ವ್ಲಾಸ್ತಾ ತೆತಾ. ನಿದ್ದೆ ಬಾರದೆ ಹೊಲಕ್ಕೆ ಬಂದು, ಹಂದಿ ಕೆದಕಿ ಚೆಲ್ಲಿದ ಕಾಳುಗಳನ್ನು ಕೈಯಿಂದ ತಡವಿ ತಡವಿ ಮತ್ತೆ ಮಣ್ಣಿಗೆ ಒತ್ತುತ್ತಿದ್ದರು. ಹಿಂದಿರುಗಿ ನೋಡಲೇ ಇಲ್ಲ. ಆಲ್ಬಿನ್ ದೀಪ ಆರಿಸಿದ. ಆಕೆ ಮನೆ ಸೇರಿ ಬಾಗಿಲು ಹಾಕಿದ ಸದ್ದು ಕೇಳುವವರೆಗೆ ಹುಲ್ಲಿನಲ್ಲಿ ಮುಖವಿಟ್ಟು ಮಲಗಿದ್ದನಂತೆ.

ಇದಾವುದೂ ಆಗ ನಮಗೆ ಗೊತ್ತಾಗಲಿಲ್ಲ. ಕಂಡದ್ದಿಷ್ಟೇ: ಆಲ್ಬಿನ್ ರಾತ್ರಿ ಹೊಲ ಕಾಯಲು ಹೋಗುತ್ತಿಲ್ಲ, ಕೈಗೆ ಕೆಲಸ ಹಿಡಿಯುತ್ತಿಲ್ಲ, ಕಟ್ಟಿದ ದೀಪವನ್ನೇ ಬಿಚ್ಚಿ ಕಟ್ಟುತ್ತಾನೆ. ಇಗರ್ಜಿಯಲ್ಲಿ ಅವನ ಜಾಗ ತೆತಾ ಅವರ ಹಿಂದಿನ ಸಾಲು. ಅಲ್ಲಿಂದೆದ್ದು ಬಾಗಿಲ ಬಳಿ ನಿಲ್ಲತೊಡಗಿದ. ಪ್ರಾರ್ಥನೆಗೆ ಮಂಡಿಯೂರಿದರೆ ಆ ಬೂದು ಕೋಟಿನ ಬೆನ್ನಿನಲ್ಲಿ ತನ್ನ ಕಣ್ಣು ತಾನಾಗಿ ಒಂದು ಜಾಗ ಹುಡುಕಿ ನಿಲ್ಲುತ್ತದೆ ಎಂದು ಆಮೇಲೆ ನನಗೆ ಹೇಳಿದ. ಆಕೆ ಗಸಗಸೆ ತುಂಬಿದ ಕೊಲಾಚ್ ಬನ್ನು ಮಾಡಿ ಕಳಿಸಿದರೆ ಮುಟ್ಟುತ್ತಿರಲಿಲ್ಲ. ರಸ್ತೆಯಲ್ಲಿ ಎದುರಾದರೆ ಮಾತಿಗೆ ಮಾತು ಕೊಡುತ್ತಿದ್ದನೇ ಹೊರತು ತಲೆಯೆತ್ತುತ್ತಿರಲಿಲ್ಲ. ಸತ್ತವರು ಕಾಡುತ್ತಾರೆಂದು ಕೇಳಿದ್ದೇನೆ. ಅವನನ್ನು ಕಾಡಿದ್ದು ಬದುಕಿರುವ ಹೆಂಗಸು, ದಿನವೂ ಅಂಗಡಿಗೆ ಬಂದು ನಗುನಗುತ್ತ ಮಾತಾಡಿಸುವ ಹೆಂಗಸು.

ಈಸ್ಟರ್ ಹತ್ತಿರವಿದ್ದಾಗ ತೆತಾ ಕೋಳಿಮರಿಗಳಿಗೆ ನುಚ್ಚು ಕೊಳ್ಳಲು ಬಂದರು. ಆಲ್ಬಿನ್ ಹಿಂದೆ ಮೇಜಿನ ಮುಂದಿದ್ದ. ಮುಖದಲ್ಲಿ ಕಳೆ ಬಂದಿದೆಯಲ್ಲ ತೆತಾ ಎಂದೆ. ಆಕೆ ಕೌಂಟರಿನ ಮೇಲೆ ಬಾಗಿ ದನಿ ತಗ್ಗಿಸಿದರು.

"ಯಾರ್ಗೂ ಹೇಳ್ಬೇಡ. ಜೆರೋಮ್ ಬಂದಿದ್ದ."

ನಾನು ನುಚ್ಚಿನ ಚೀಲವನ್ನು ತಕ್ಕಡಿಯಿಂದ ಇಳಿಸಿದೆ.

"ಮರದ ಹತ್ರ. ಸಿಗರೇಟ್ ಸೇದ್ತಿದ್ದ. ಬಿತ್ತನೆ ಆದ್ಮೇಲೆ ಒಂದಿನ ರಾತ್ರಿ ನಾನು ಕಾಳು ಮುಚ್ಚೋಕೆ ಹೋಗಿದ್ದೆನಲ್ಲ, ಸೊಂಟ ಹಿಡೀತು ಅಂತ ಎದ್ದು ನಿಂತೆ. ಎದುರಿಗೇ ಕೆಂಪಗೆ ಚುಕ್ಕಿ. ನಾ ನೋಡ್ತಿದ್ದ ಹಾಗೇ ಆರಿಸ್ಬಿಟ್ಟ. ಕಳ್ಳ, ಅಲ್ಲೋದ್ರೂ ಬಿಟ್ಟಿಲ್ಲ. ಅವತ್ತಿಂದ ದಿನಾ ಹೋಗ್ತೀನಿ. ಒಂದಿನ ಹತ್ರ ಬಂದೇ ಬರ್ತಾನೆ."

ಒಳಗೆ ತಿರುಪುಳಿ ನೆಲಕ್ಕೆ ಬಿದ್ದ ಸದ್ದಾಯಿತು. ಆಕೆ ಹೋದ ಮೇಲೆ ಆಲ್ಬಿನ್ ಬಂದು ಕೌಂಟರಿಗೆ ಆತು ನಿಂತ. ಅಲ್ಲೇ, ನುಚ್ಚಿನ ತಕ್ಕಡಿಯ ಪಕ್ಕ, ಎಲ್ಲವನ್ನೂ ಹೇಳಿದ. ಆ ಕೆಂಪು ಚುಕ್ಕಿ ತನ್ನ ದೀಪದ್ದೇ ಇರಬೇಕು ಎಂದ. ಮರದ ಕೆಳಗೆ ರಕೂನೋ ಮತ್ತೊಂದೋ ನಿಂತಿದ್ದು, ಅದರ ಕಣ್ಣಿಗೆ ಬೆಳಕು ತಗುಲಿ ಹೊಳೆದಿದೆ. ತಾನು ದೀಪ ಆರಿಸಿದಾಗ ಅದೂ ಆರಿತು. ಈಗ ಆ ಚುಕ್ಕಿಗಾಗಿ ಆಕೆ ದಿನವೂ ರಾತ್ರಿ ಕರಿ ಕೋಟು ಹಾಕಿಕೊಂಡು ಹೊಲದಲ್ಲಿ ಅಲೆಯುತ್ತಾರೆ. ಸುತ್ತ ನಾಲ್ಕು ಹೊಲದವರೂ ಕೋವಿ ಹಿಡಿದು ಕೂತಿರುತ್ತಾರೆ, ಎಲ್ಲರಿಗೂ ದೀಪ ಕಟ್ಟಿಕೊಟ್ಟವನು ತಾನೇ, ಕಣ್ಣು ಹೊಳೆಯದಿದ್ದರೆ ಹೊಡೆಯಿರಿ ಎಂದು ಹೇಳಿಕೊಟ್ಟವನೂ ತಾನೇ.

"ಮನುಷ್ಯರ ಕಣ್ಣೂ ಹೊಳೆಯಲ್ಲ," ಎಂದ. "ಅದು ನಂಗೆ ಗೊತ್ತಿತ್ತು. ಗೊತ್ತಿದ್ದೂ ಹೇಳ್ಕೊಂಡು ಬಂದೆ ನೋಡು."

ಹೇಳಿದರೆ ಆಕೆಯ ಕೈಯಿಂದ ಗಂಡನನ್ನು ಕಿತ್ತುಕೊಂಡ ಹಾಗೆ. ಹೇಳದಿದ್ದರೆ ಯಾವುದೋ ರಾತ್ರಿ ಯಾರೋ ಹೊಡೆಯುತ್ತಾರೆ. ಅವನಿಗೆ ಒಬ್ಬನೇ ಹೋಗುವ ಧೈರ್ಯವಿರಲಿಲ್ಲ. ಅಂಗಡಿಯನ್ನು ನಮ್ಮ ಯಜಮಾನರಿಗೆ ಬಿಟ್ಟು ನಾನೂ ಹೊರಟೆ.

ತೆತಾ ಕಾಫಿ ಬಗ್ಗಿಸಿದರು. ಆಲ್ಬಿನ್ ಲೋಟ ಮುಟ್ಟದೆ, ಮೇಜಿನ ಮೇಲಿನ ಮೇಣಬಟ್ಟೆಯ ಹೂಗಳನ್ನು ನೋಡುತ್ತ, ಬೆರಳು ಕೋವಿಯ ಕುದುರೆಯ ಮೇಲಿದ್ದುದನ್ನೂ ಬಿಡದೆ ಹೇಳಿದ. ಆಕೆ ಅರ್ಧಕ್ಕೆ ತಡೆಯಲಿಲ್ಲ. ಮುಗಿದ ಮೇಲೆ ಎದ್ದು, ಕಿಟಕಿಯ ಹತ್ತಿರ ಹೋಗಿ, ನಮಗೆ ಬೆನ್ನು ಮಾಡಿ ನಿಂತರು. ಆಲ್ಬಿನ್ ಕಣ್ಣು ಮುಚ್ಚಿಕೊಂಡ.

"ನೀನು ಹೊಡ್ದಿದ್ರೆ ನಂಗೇನೂ ಗೊತ್ತಾಗ್ತಿರ್ಲಿಲ್ಲ," ಎಂದರು. "ನೋವೂ ಆಗ್ತಿರ್ಲಿಲ್ಲ ಅನ್ಸತ್ತೆ."

"ತೆತಾ, ಕ್ಷಮಿಸ್ಬಿಡಿ."

"ಅದಕ್ಕಲ್ಲ ನಾನು ಹೇಳ್ತಿರೋದು. ನಿನ್ನ ದೀಪ ನನ್ನ ಬೆನ್ನಿಗಿತ್ತು ಅಂತೀಯ. ನಾನು ನೋಡಿದ್ದು ಮುಂದೆ."

ಅವನು ರಕೂನಿನ ಕಣ್ಣಿನ ವಿಷಯ ಹೇಳಿದ.

"ರಕೂನಿಗೆ ಎಷ್ಟು ಕಣ್ಣೋ?"

"ಎರಡು."

"ನಾನು ಕಂಡಿದ್ದು ಒಂದು."

ಪಕ್ಕಕ್ಕೆ ತಿರುಗಿ ನಿಂತರೆ ಒಂದೇ ಕಾಣುತ್ತದೆ ಎಂದು ಅವನು ಹೇಳಿದ. ಆಕೆಗೆ ಸಿಟ್ಟು ಬಂದದ್ದು ಆಗಲೇ. ಹಾಗಾದರೆ ತೋರಿಸು ಎಂದರು. ಆ ದಿನ ಸಂಜೆಗತ್ತಲಾಗುವುದನ್ನೇ ಕಾದು ಮೂವರೂ ಹೊಲಕ್ಕೆ ಹೋದೆವು. ಆಲ್ಬಿನ್ ಕೋವಿಯಿಂದ ದೀಪ ಬಿಚ್ಚಿ, ಬರೀ ದೀಪ ಹಿಡಿದು ಗೇಟಿನ ಹತ್ತಿರ ನಿಂತ. ತೆತಾ ಆ ಸಾಲಿನಲ್ಲಿ ನಿಂತರು, ನಾನು ಅವರ ತೋಳು ಹಿಡಿದಿದ್ದೆ. ಮೊಳಕೆಯೊಡೆದ ಜೋಳದ ಮೇಲೆ ಕೆಂಪು ಬೆಳಕು ಹರಿಯಿತು. ನಮ್ಮಿಬ್ಬರ ನೆರಳೂ ಉದ್ದಕ್ಕೆ ಮರಗಳವರೆಗೆ ಹೋಯಿತು. ಮರಗಳ ಕೆಳಗೆ ಏನೂ ಹೊಳೆಯಲಿಲ್ಲ.

"ಅವತ್ತು ನನ್ನ ನೆರಳೇ ಬಿದ್ದಿರ್ಲಿಲ್ಲ," ಎಂದರು ತೆತಾ ನನ್ನ ಕಿವಿಯ ಹತ್ತಿರ. "ಅಷ್ಟು ಕತ್ತಲೆ ಇತ್ತು."

ದೀಪ ಆಗ ತೀರಾ ಮಂದವಾಗಿತ್ತು, ನೆರಳು ಕಂಡಿರಲಿಕ್ಕಿಲ್ಲ ಎಂದು ದಾರಿಯಲ್ಲಿ ಆಲ್ಬಿನ್ ನನಗೆ ವಿವರಿಸಿದ. ಆದರೆ ಅಷ್ಟು ಮಂದ ಬೆಳಕು ಮರದವರೆಗೆ ಮುಟ್ಟಿ ಒಂದು ಕಣ್ಣನ್ನು ಹೊಳೆಸುವುದು ಸಾಧ್ಯವೇ ಎಂದು ನಾನು ಕೇಳಿದೆ. ಅವನು ಪಿಕಪ್ಪನ್ನು ಬಹಳ ನಿಧಾನ ಓಡಿಸಿದ.

ತೆತಾ ಹೋಗುವುದನ್ನು ನಿಲ್ಲಿಸುವವರಲ್ಲ ಎಂದು ಅವನಿಗೆ ಖಚಿತವಾಯಿತು. ಮರುದಿನ ಜೆರೋಮನ ಹಳೆಯ ದಪ್ಪ ಕೋಟನ್ನು ಆಕೆಯಿಂದ ಕೇಳಿ ತಂದ. ರಸ್ತೆ ಕೆಲಸದವರು ಅಂಗಿಗೆ ಹಾಕಿಕೊಳ್ಳುವ ಹೊಳೆಯುವ ಪಟ್ಟಿ ತರಿಸಿ, ಬೆನ್ನಿಗೆ, ಎರಡೂ ತೋಳಿಗೆ, ಕೆಳಗಿನ ಅಂಚಿಗೆ ನಾವಿಬ್ಬರೂ ಕೂತು ಹೊಲಿದೆವು. ಅವನ ಹೊಲಿಗೆ ನನ್ನದಕ್ಕಿಂತ ಚೆನ್ನಾಗಿತ್ತು. ತೆತಾ ಹಾಕಿಕೊಂಡು ಕನ್ನಡಿ ನೋಡಿ, "ಜೆರೋಮ್ ನನ್ನ ನೋಡಿ ಓಡ್ಹೋಗ್ತಾನೆ ಈಗ," ಎಂದರು. ಆದರೂ ಹಾಕಿಕೊಂಡೇ ಹೋಗುತ್ತಿದ್ದರು.

ಆಮೇಲೆ ಆಲ್ಬಿನ್ ದೀಪ ಕಟ್ಟಿಕೊಟ್ಟ ಮನೆಮನೆಗೂ ಹೋದ. ತಾನು ಹೇಳಿದ್ದ ಮಾತನ್ನು ಮರೆಯಿರಿ ಎಂದ. ಕೋವಿಯ ದೀಪ ಹೊಡೆಯುವುದಕ್ಕೆ, ನೋಡುವುದಕ್ಕಲ್ಲ. ನೋಡಬೇಕಾದರೆ ಕೈಯಲ್ಲಿ ಬೇರೆ ಟಾರ್ಚು ಹಿಡಿಯಿರಿ, ಕೋವಿ ಎತ್ತಿ ನೋಡಿದರೆ ನೋಡುವ ಮೊದಲೇ ಗುರಿಯಿಟ್ಟ ಹಾಗೆ. ಕೆಲವರು ಕೇಳಿಸಿಕೊಂಡರು. ಕೆಲವರು ಆಲ್ಬಿನ್‌ಗೆ ವಯಸ್ಸಾಯಿತು ಎಂದರು. ಯಾಕೆಂದು ಕೇಳಿದವರಿಗೆಲ್ಲ ಅವನು ನಡೆದದ್ದನ್ನೇ ಹೇಳಿದ, ತನ್ನ ಹೆಸರನ್ನೂ ಮರೆಮಾಚದೆ. ತಾರೊಕ್ ಮೇಜಿನಲ್ಲಿ ಕೆಲವು ವಾರ ಅವನಿಗೆ ಯಾರೂ ಎಲೆ ಹಂಚಲಿಲ್ಲ. ಆಮೇಲೆ ಹಂಚಿದರು.

ಅವನು ದೀಪ ಕಟ್ಟುವುದನ್ನು ಮುಂದುವರಿಸಿದ. ಜೊತೆಗೆ ಕೈಟಾರ್ಚು ತರದವನ ಕೋವಿ ಮುಟ್ಟುತ್ತಿರಲಿಲ್ಲ. ತಾನು ಮಾತ್ರ ಮತ್ತೆ ಕೋವಿ ಹಿಡಿಯಲಿಲ್ಲ. ತೆತಾ ಅವರ ಹೊಲದಲ್ಲಿ ರಾತ್ರಿ ಹಲಗೆ ಬಡಿದು, ಪಿಕಪ್ಪಿನ ಹಾರನ್ ಒತ್ತಿ ಹಂದಿ ಓಡಿಸುತ್ತಿದ್ದ, ಅವು ಮತ್ತೆ ಬರುತ್ತಿದ್ದವು.

ಇಗರ್ಜಿಯಲ್ಲಿ ಒಂದು ಭಾನುವಾರ ತೆತಾ ತಾವೇ ಬಾಗಿಲ ಬಳಿಗೆ ಬಂದು ಅವನ ತೋಳು ಹಿಡಿದು ಕರೆದೊಯ್ದು ತಮ್ಮ ಪಕ್ಕ ಕೂರಿಸಿಕೊಂಡರು. ಅಲ್ಲಿ ಕೂತರೆ ಅವರ ಬೆನ್ನು ಕಾಣದು. ಸೊಂಟ ಮುರಿದು ಆಕೆ ಪಟ್ಟಣದ ವೃದ್ಧಾಶ್ರಮ ಸೇರುವವರೆಗೂ ಅದೇ ಅವನ ಜಾಗವಾಗಿತ್ತು. ಅಲ್ಲಿಗೂ ವಾರಕ್ಕೊಮ್ಮೆ ಹೋಗಿಬರುತ್ತಿದ್ದ. ಆಕೆ ಅವನನ್ನು ಜೋಳದ ವಿಷಯ ಕೇಳುತ್ತಿದ್ದರು, ಮರಗಳ ವಿಷಯ ಕೇಳುತ್ತಿರಲಿಲ್ಲ.

ಆಕೆ ತೀರಿಕೊಂಡ ಮೇಲೆ ಹಳ್ಳದ ಕಡೆಯ ಆ ಸಾಲುಗಳನ್ನು ಆಲ್ಬಿನ್ ಬಿತ್ತುವುದು ಬಿಟ್ಟ. ಹುಲ್ಲು ಎದೆಯೆತ್ತರ ಬೆಳೆಯಿತು. ಹಂದಿಗೆ ಮನೆ ಕಟ್ಟಿಕೊಟ್ಟಿದ್ದೀಯ ಎಂದು ಅಕ್ಕಪಕ್ಕದವರು ಬೈದರೆ, ಇರಲಿ ಬಿಡಿ ಎನ್ನುತ್ತಿದ್ದ. ಕೊನೆಯ ವರ್ಷಗಳಲ್ಲಿ ಅವನು ಸಂಜೆಯ ಹೊತ್ತು ಗೇಟಿನ ಹತ್ತಿರ ಪಿಕಪ್ಪಿನಲ್ಲಿ ಕೂತಿರುತ್ತಿದ್ದುದನ್ನು ಬಹಳ ಜನ ನೋಡಿದ್ದಾರೆ. ಏನು ಮಾಡುತ್ತಿದ್ದೀಯ ಎಂದು ನಾನೊಮ್ಮೆ ಕೇಳಿದೆ. "ಏನಿಲ್ಲ, ಸುಮ್ನೆ," ಎಂದ. ಏನಾದರೂ ಕಂಡಿತೇ ಎಂದು ಕೇಳಲು ನನಗೆ ಮನಸ್ಸಾಗಲಿಲ್ಲ. ಎರಡು ಚಳಿಗಾಲದ ಹಿಂದೆ ತನ್ನ ಹಾಸಿಗೆಯಲ್ಲೇ, ನಿದ್ದೆಯಲ್ಲಿ ಹೋದ. ಹೊಲವನ್ನು ಈಗ ಬೇರೆಯವರು ಮಾಡುತ್ತಾರೆ, ಹಳ್ಳದವರೆಗೂ ಉಳುತ್ತಾರೆ.