ಸೊನ್ನೆ ಬಿಯರಿನ ಗುರುವಾರಗಳು

ಕಿವಿರು ಎತ್ತಿ ನೋಡದೆ ನಾನು ಮೀನು ತೆಗೆದುಕೊಂಡವಳಲ್ಲ. ಹಾಲಿನ ಪ್ಯಾಕೆಟಿನ ತಾರೀಕು ಓದಿದ ಮೇಲೂ ಒಮ್ಮೆ ಮೂಸುತ್ತೇನೆ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ನನ್ನ ಹುಟ್ಟುಗುಣ ಅನುಮಾನ. ಅಂಥವಳ ಮನೆಗೆ ಒಂದು ಗುರುವಾರ ಸಂಜೆ ಗಂಡ ಕಪ್ಪು ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು ಬಂದು, ಅದನ್ನು ಸೀದಾ ಫ್ರಿಜ್ಜಿನ ಕೆಳಗಿನ ಅರೆಯಲ್ಲಿಟ್ಟು ಸ್ನಾನಕ್ಕೆ ಹೋದರೆ ಏನಾಗಬೇಕೋ ಅದೇ ಆಯಿತು. ಬಚ್ಚಲಿನ ನೀರಿನ ಸದ್ದು ಶುರುವಾದದ್ದೇ ತಡ, ಚೀಲ ಬಿಚ್ಚಿದೆ. ಒಳಗೆ ಬಿಯರಿನ ಕ್ಯಾನುಗಳಿದ್ದವು. ಹಸಿರು, ನೀಲಿ, ಬಂಗಾರದ ಬಣ್ಣದವು. ಮೈತುಂಬ ಕೊರಿಯನ್ ಅಕ್ಷರ.

ಇವರು ಕತಾರಿನ ದುಖಾನ್ ಎಂಬ ಎಣ್ಣೆಬಾವಿಗಳ ಊರಿನಲ್ಲಿ ಕೆಲಸ ಮಾಡುತ್ತಾರೆ. ಅಲ್ಲೇ ಕಂಪೆನಿಯ ರೂಮು. ಈ ದೇಶದಲ್ಲಿ ವಾರದ ರಜೆ ಶುಕ್ರ, ಶನಿ. ಗುರುವಾರ ಸಂಜೆ ಆ ಉದ್ದ ರಸ್ತೆಯಲ್ಲಿ ಕಾರು ಓಡಿಸಿಕೊಂಡು ದೋಹಾದ ಅಂಚಿನ ಐನ್ ಖಾಲಿದಿನಲ್ಲಿರುವ ನಮ್ಮ ಮನೆಗೆ ಬಂದರೆ ಶನಿವಾರ ಸಂಜೆ ಮತ್ತೆ ಹೊರಟರು. ಇಲ್ಲಿರುವುದು ನಾನು ಮತ್ತು ಹತ್ತನೆಯ ಪರೀಕ್ಷೆ ಬರೆದು ಕುಳಿತಿದ್ದ ಮಗಳು. ಸ್ನಾನ ಮುಗಿಸಿ ಬಂದವರ ಮುಂದೆ ಕ್ಯಾನುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದೆ. ಇವರಿಗೆ ಸಿಟ್ಟು ಬರಲಿಲ್ಲ, ನಗು ಬಂತು.

“ಬಿಯರ್ ಅಲ್ಲ ಮಾರಾಯ್ತಿ, ಜೀರೋ. ಇದ್ರಲ್ಲಿ ಎಂತ ಅಮಲೂ ಇಲ್ಲ” ಎಂದರು.

ಇವರ ಮೇಲಿನ ಸೂಪರ್‌ವೈಸರ್ ಒಬ್ಬ ಕೊರಿಯಾದವನು. ದೋಹಾದಲ್ಲಿ ಅವರ ದೇಶದವರ ದಿನಸಿ ಅಂಗಡಿಯೊಂದು ಉಂಟಂತೆ, ಅಲ್ಲಿಂದ ತಂದು ಹಂಚಿದ್ದಂತೆ. ಈ ಅಂತೆಗಳನ್ನು ನಾನು ಎಣಿಸಿಕೊಳ್ಳುತ್ತಾ ಹೋದೆ. ಅದೇ ಸೂಪರ್‌ವೈಸರಿಗೆ ನಿಜವಾದ ಮದ್ಯ ಕೊಳ್ಳುವ ಪರ್ಮಿಟ್ ಇದೆ ಎಂದು ಹಿಂದೊಮ್ಮೆ ಇವರೇ ಬಾಯಿಬಿಟ್ಟಿದ್ದರು. ಹಾಗಾದರೆ ಅವನು ಸೊನ್ನೆಯನ್ನು ಯಾಕೆ ಕುಡಿಯುತ್ತಾನೆ? ಸೊನ್ನೆಯಾದರೆ ಕಪ್ಪು ಚೀಲ ಯಾಕೆ? ಮಗಳ ಮೊಬೈಲಿನಲ್ಲಿ ಕ್ಯಾಮೆರಾ ಹಿಡಿದರೆ ಯಾವ ಭಾಷೆಯೂ ಇಂಗ್ಲಿಷಾಗುತ್ತದೆ. ಹಿಡಿಸಿ ನೋಡಿದೆ. ‘ಬಿಯರಿನ ರುಚಿಯ ಪಾನೀಯ’ ಎಂದು ಬಂತು. ಅದರ ಕೆಳಗೆ ‘ದೊಡ್ಡವರಿಗೆ ಮಾತ್ರ’ ಎಂದೂ ಬಂತು. ಅಮಲಿಲ್ಲದ ನೀರನ್ನು ಮಕ್ಕಳು ಕುಡಿದರೆ ಏನು ಕಷ್ಟ? ಸಾಲದ್ದಕ್ಕೆ ಹಸಿರು, ನೀಲಿಗಳ ಮೇಲೆ ಚುಕ್ಕೆಯ ನಂತರ ಎರಡು ಸೊನ್ನೆ ಇದ್ದವು, ಬಂಗಾರದ ಕ್ಯಾನಿನ ಮೇಲೆ ಒಂದೇ. ಎರಡನೆಯ ಸೊನ್ನೆ ಎಲ್ಲಿ ಹೋಯಿತು? ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡು ಕ್ಯಾನುಗಳನ್ನು ವಾಪಸು ಫ್ರಿಜ್ಜಿನಲ್ಲಿಟ್ಟೆ.

ನನ್ನ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. ಇವರು ಮೊದಲು ಕುಡಿಯುತ್ತಿದ್ದರು, ಚೆನ್ನಾಗಿಯೇ ಕುಡಿಯುತ್ತಿದ್ದರು. ಹೊಡೆದವರಲ್ಲ, ಬೈದವರಲ್ಲ. ಕುಡಿದರೆ ಇವರಿಗೆ ಮಾತು ಬರುತ್ತಿತ್ತು. ನನ್ನ ಕೈ ಹಿಡಿದುಕೊಂಡು ಸುರತ್ಕಲ್ಲಿನಲ್ಲಿ ಸಮುದ್ರ ಕಾಣುವ ಮನೆ ಕಟ್ಟಿಸುತ್ತಿದ್ದರು, ನನ್ನ ಸತ್ತ ಅಪ್ಪನನ್ನು ನೆನೆದು ಅಳುತ್ತಿದ್ದರು, ನಿನ್ನಂಥವಳು ಸಿಕ್ಕಿದ್ದು ನನ್ನ ಪುಣ್ಯ ಎನ್ನುತ್ತಿದ್ದರು. ಬೆಳಗಾದರೆ ಏನೂ ನೆನಪಿಲ್ಲ. “ಹೌದಾ, ಹಾಗೆ ಹೇಳಿದೆನಾ?” ಎಂದು ತಲೆ ಕೆರೆದುಕೊಳ್ಳುವರು. ಮೊದಮೊದಲು ನಾನು ಆ ಮಾತುಗಳನ್ನು ನಂಬಿ ಮರುದಿನ ಅತ್ತದ್ದುಂಟು. ಆಮೇಲೆ ಒಂದು ನಿಯಮ ಮಾಡಿಕೊಂಡೆ: ಗ್ಲಾಸಿನ ಮುಂದೆ ಆಡಿದ ಮಾತಿಗೆ ಉತ್ತರ ಕೊಡಬಾರದು.

ಪಿತ್ತಜನಕಾಂಗ ಕೆಟ್ಟಿದೆ ಎಂದು ಡಾಕ್ಟರು ಗದರಿಸಿದ ವರ್ಷ ಊರಿಗೆ ಹೋದಾಗ ಇವರು ಮನೆತನದ ದೈವದ ಮುಂದೆ ನಿಂತು, ಗಂಧಪ್ರಸಾದ ಕೈಯಲ್ಲಿ ಹಿಡಿದು, ಇನ್ನು ಮುಟ್ಟುವುದಿಲ್ಲ ಎಂದರು. ಮುಟ್ಟಲಿಲ್ಲ. ಆದರೆ ಕುಡಿತದ ಜೊತೆಗೆ ಮಾತನ್ನೂ ಬಿಟ್ಟರು. ಗುರುವಾರ ಬರುವುದು, ಉಣ್ಣುವುದು, ಟಿವಿ ನೋಡುವುದು, ಮಲಗುವುದು. ಮನೆಯಲ್ಲಿ ಒಂದು ಕಪಾಟು ಹೆಚ್ಚಾದ ಹಾಗಿತ್ತು. ಒಂದು ವರ್ಷಕ್ಕೂ ಹೆಚ್ಚು ಕಾಲ ಆ ಕಪಾಟಿನ ಜೊತೆ ಸಂಸಾರ ಮಾಡಿ ನನಗೆ ಸಾಕಾಗಿತ್ತು. ಮಗಳನ್ನು ಪಿಯುಸಿಗೆ ಮಂಗಳೂರಿನಲ್ಲಿ ಸೇರಿಸುತ್ತೇನೆ, ನಾನೂ ಅವಳ ಜೊತೆ ಹೋಗಿ ಅಲ್ಲೇ ಇರುತ್ತೇನೆ ಎಂದು ಹೇಳಿದಾಗಲೂ ಇವರು ಟಿವಿಯಿಂದ ಕಣ್ಣು ತೆಗೆಯದೆ “ಆಯ್ತು” ಎಂದಿದ್ದರು. ಅಷ್ಟೇ.

ಈ ಕ್ಯಾನುಗಳು ಬಂದ ಮೇಲೆ ಮಾತು ವಾಪಸು ಬಂತು. ನನಗೆ ಭಯವಾದದ್ದು ಅದಕ್ಕೇ.

ನಮ್ಮ ಮನೆಯ ಹಿಂದೆ ಸಣ್ಣ ಅಂಗಳ, ಅಲ್ಲೊಂದು ಖರ್ಜೂರದ ಮರ. ಗುರುವಾರ ಸಂಜೆ ಇವರು ಅದರ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರುವರು. ಹಸಿರು ಕ್ಯಾನು ಬರೀ ನೀರು, ನೊರೆ ಕೂರುವ ಮೊದಲೇ ಸಾಯುತ್ತದೆ, ಆದರೆ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿದ್ದು ಪಕ್ಕದಲ್ಲಿ ಖಾರದ ಕೋಳಿ ಇದ್ದರೆ ಅದಕ್ಕೆ ಸಮನಿಲ್ಲ ಎನ್ನುವರು. ನೀಲಿಯದು ಗಂಟಲಿಗೆ ಇಳಿದ ಮೇಲೆ ಸ್ವಲ್ಪ ಕಹಿ ಬಿಟ್ಟು ಹೋಗುತ್ತದೆ, ಆ ಕಹಿಯೇ ಅದರ ಮರ್ಯಾದೆ. ಬಂಗಾರದ್ದು ಪೂರ್ತಿ ಬಾರ್ಲಿಯದು, ನೊರೆ ಗ್ಲಾಸಿಗೆ ಅಂಟಿಕೊಂಡು ನಿಲ್ಲುತ್ತದೆ, ವಾಸನೆಯೂ ದಪ್ಪ. ತಮ್ಮ ಬಿಯರು ನೀರು ನೀರೆಂದು ಕೊರಿಯಾದವರೇ ಗೊಣಗುತ್ತಾರಂತೆ, ಮೊದಲ ಗುಟುಕಲ್ಲ ಎರಡನೆಯ ಗುಟುಕನ್ನು ನೋಡಿ ತೀರ್ಪು ಕೊಡಬೇಕಂತೆ. ಇನ್ನೊಂದು ರಿವಾಜನ್ನೂ ಕಲಿತು ಬಂದಿದ್ದರು. ಅವರ ದೇಶದಲ್ಲಿ ತನ್ನ ಗ್ಲಾಸನ್ನು ತಾನೇ ತುಂಬಿಸಿಕೊಳ್ಳಬಾರದು, ಎದುರಿಗಿದ್ದವರು ಎರಡೂ ಕೈಯಿಂದ ಹಿಡಿದು ಸುರಿಯಬೇಕು. ನೀನು ಸ್ವಲ್ಪ ಸುರಿ ಎಂದು ಗ್ಲಾಸು ಚಾಚಿದರು. ನನ್ನ ಕೈ ಕೊಳೆಯಾಗಿದೆ ಎಂದು ನಾನು ಒಳಗೆ ಹೋದೆ.

ಸೊನ್ನೆಯ ಬಗ್ಗೆ ಒಬ್ಬ ಮನುಷ್ಯ ಇಷ್ಟು ಮಾತಾಡಲು ಸಾಧ್ಯವೇ? ಕಣ್ಣು ನೋಡಿದೆ, ಕೆಂಪಿರಲಿಲ್ಲ. ಹಾಸಿಗೆಯಲ್ಲಿ ಉಸಿರು ಮೂಸಿದೆ, ಬೆಂದ ಬಾರ್ಲಿಯ ವಾಸನೆ. ಆದರೆ ಮಾತು ಮಾತ್ರ ಹಳೆಯದೇ, ಕುಡಿದ ಕಾಲದ್ದು. ದುಖಾನಿನ ರೂಮಿನಲ್ಲಿ ಎಸಿ ಸದ್ದು ಕೇಳುತ್ತಾ ಮಲಗುವುದನ್ನು ಹೇಳಿದರು. ಮಗಳು ಅಪ್ಪನ ಹತ್ತಿರ ಇಂಗ್ಲಿಷಿನಲ್ಲೇ ಮಾತಾಡುತ್ತಾಳೆ, ಪರಕೀಯನಾದ ಹಾಗಾಗುತ್ತದೆ ಎಂದರು. ಮತ್ತು ಪ್ರತಿ ಗುರುವಾರ, ಕೊನೆಯ ಗುಟುಕಿನ ಹೊತ್ತಿಗೆ, ಅದೇ ಒಂದು ಮಾತು:

“ನೀವಿಬ್ರು ಊರಿಗೆ ಹೋಗುದು ಬೇಡ. ನೀವು ಹೋದ್ರೆ ನಾನು ಗುರುವಾರ ಯಾರ ಮನೆಗೆ ಬರುದು?”

ನಾನು ನನ್ನ ನಿಯಮದಂತೆ ಎದ್ದು ಪಾತ್ರೆ ತೊಳೆಯಲು ಹೋಗುತ್ತಿದ್ದೆ. ಒಳಗೆ ಮಾತ್ರ ಒಂದೇ ಕುದಿ. ಇದು ಅಮಲಿನ ಮಾತಾದರೆ ದೈವಕ್ಕೆ ಕೊಟ್ಟ ಮಾತು ಮುರಿದಿದೆ, ಹಳೆಯ ಕತೆ ಮತ್ತೆ ಶುರುವಾಗಿದೆ, ನಾನು ಹೋಗುವುದೇ ಸರಿ. ಅಮಲಿನದ್ದಲ್ಲವಾದರೆ? ಅದನ್ನು ಯೋಚಿಸಲು ನನಗೆ ಧೈರ್ಯವಿರಲಿಲ್ಲ.

ಆಣೆ ಹಾಕಿಸಿದರೆ ಮುಗಿಯಿತಲ್ಲ ಎಂದು ಬೇರೆ ಕಡೆಯವರು ಅಂದಾರು. ನಮ್ಮವರು ಅನ್ನುವುದಿಲ್ಲ. ದೈವದ ಹೆಸರಿನಲ್ಲಿ ಸುಳ್ಳು ಆಣೆ ಬಿದ್ದರೆ ಅದು ಹಾಕಿದವರನ್ನಷ್ಟೇ ಹಿಡಿಯುವುದಿಲ್ಲ, ಮನೆಯ ಮಕ್ಕಳ ಮೇಲೂ ಬರುತ್ತದೆ. ಇವರು ಸಂಕೋಚಕ್ಕೆ ಒಂದು ಸುಳ್ಳು ಹೇಳಿಬಿಟ್ಟರೆ? ಇರುವುದು ಒಬ್ಬಳೇ ಮಗಳು. ಕೇಳುವ ದಾರಿ ಹಾಗೆ ಮುಚ್ಚಿತು. ಒಂದು ಸಲ ನನ್ನ ಮುಖ ನೋಡಿ ಇವರೇ ಅಂದರು: “ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದ್ರೂ ಜನ ಕಳ್ಳು ಅಂತಾರೆ. ಇಲ್ಲಿ ಹೆಂಡತಿಯೇ ಅಂತಾಳೆ.” ಕೂತದ್ದು ಖರ್ಜೂರದ ಮರದ ಕೆಳಗೆ. ಅದೂ ಈಚಲಿನ ದಾಯಾದಿಯೇ ಅಲ್ಲವೇ ಎಂದುಕೊಂಡೆ ನಾನು.

ಕೊನೆಗೆ ಪರೀಕ್ಷೆ ಮಾಡಿದ್ದು ನನಗೆ ಗೊತ್ತಿದ್ದ ರೀತಿಯಲ್ಲಿ. ನನ್ನ ಅಜ್ಜನದು ಮೂರ್ತೆಯ ಕಸುಬು, ತಾಳೆಮರ ಹತ್ತಿ ಕಳ್ಳು ಇಳಿಸುತ್ತಿದ್ದರು. ಕಳ್ಳಿನಲ್ಲಿ ಸತ್ವವಿದೆಯೋ ನೀರು ಬೆರೆಸಿದ್ದೋ ಎಂದು ಅಜ್ಜಿ ನೋಡುತ್ತಿದ್ದದ್ದು ಇಡ್ಲಿ ಹಿಟ್ಟಿನಲ್ಲಿ. ಕಳ್ಳು ಹಾಕಿದ ಹಿಟ್ಟು ಉಬ್ಬಿದರೆ ಸರಕು ಒಳ್ಳೆಯದು. ಇವರು ದುಖಾನಿಗೆ ಹೊರಟ ಮರುದಿನ ಬೆಳಿಗ್ಗೆ ಅಕ್ಕಿ ರುಬ್ಬಿ ಮೂರು ಪಾತ್ರೆಗೆ ಹಾಕಿದೆ. ಫ್ರಿಜ್ಜಿನಲ್ಲಿ ಉಳಿದಿದ್ದ ಕ್ಯಾನುಗಳಿಂದ ಒಂದಕ್ಕೆ ಹಸಿರು, ಒಂದಕ್ಕೆ ನೀಲಿ, ಒಂದಕ್ಕೆ ಬಂಗಾರ ಸುರಿದೆ. ಸಂಜೆ ಮುಚ್ಚಳ ತೆಗೆದರೆ ಮೂರೂ ಉಬ್ಬಿದ್ದವು. ಬಂಗಾರದ್ದಂತೂ ಪಾತ್ರೆಯ ಬಾಯಿಗೆ ಬಂದಿತ್ತು. ಅಂದರೆ ಮೂರರಲ್ಲೂ ಅಮಲಿದೆ. ಆ ಹಿಟ್ಟಿನ ಇಡ್ಲಿ ತಿಂದ ಮಗಳು ಇಂದು ಬಹಳ ಮೆತ್ತಗಾಗಿದೆ ಅಮ್ಮ ಎಂದಳು. ನಾನು ದೋಹಾದ ನಜ್ಮಾ ಬಡಾವಣೆಯ ಟ್ರಾವೆಲ್ಸಿನವರಿಗೆ ಫೋನು ಮಾಡಿ ನಮ್ಮಿಬ್ಬರಿಗೂ ಟಿಕೆಟ್ ನೋಡಿ, ವಾಪಸಿನದ್ದು ಬೇಡ ಎಂದೆ. ಶನಿವಾರದ ಒಳಗೆ ಗಟ್ಟಿ ಮಾಡಿ ಹೇಳಿ ಎಂದರು ಅವರು.

ಎರಡು ದಿನ ಬಿಟ್ಟು ನಿತ್ಯದ ಉದ್ದಿನ ಹಿಟ್ಟು ಇಟ್ಟಿದ್ದೆ. ಜೊತೆಗೆ ಅದೇ ಬೆಳಿಗ್ಗೆ ರುಬ್ಬಿ ಮಿಕ್ಕ ಬರೀ ಅಕ್ಕಿ ಹಿಟ್ಟು ಒಂದು ಬಟ್ಟಲಿನಲ್ಲಿ ಮೂಲೆಯಲ್ಲಿ ಉಳಿದುಹೋಗಿತ್ತು. ಅದಕ್ಕೆ ಬಿಯರೂ ಹಾಕಿರಲಿಲ್ಲ, ಏನೂ ಹಾಕಿರಲಿಲ್ಲ. ಸಂಜೆ ನೋಡಿದರೆ ಎರಡೂ ಉಬ್ಬಿ ಕಟ್ಟೆಯ ಮೇಲೆ ಚೆಲ್ಲಿದ್ದವು. ಕತಾರಿನ ಮೇ ತಿಂಗಳಲ್ಲಿ, ಎಸಿ ಇಲ್ಲದ ಅಡುಗೆಮನೆಯಲ್ಲಿ, ಹಿಟ್ಟು ಉಬ್ಬಲು ನೆಪವೂ ಬೇಡ. ಅಜ್ಜಿಯ ವಿದ್ಯೆ ಅಜ್ಜಿಯ ಊರಿಗಷ್ಟೇ ಸರಿ. ಬಟ್ಟೆ ಹಿಡಿದು ಕಟ್ಟೆ ಒರೆಸುತ್ತಾ ನನ್ನ ಮೇಲೇ ನನಗೆ ಸಿಟ್ಟು ಬಂತು.

ಉಳಿದದ್ದು ಒಂದೇ ದಾರಿ. ಅಮಲು ಎಂದರೇನೆಂದು ನನಗೆ ಗೊತ್ತಿಲ್ಲದ್ದಲ್ಲ. ಚಿಕ್ಕಂದಿನಲ್ಲಿ ಅಜ್ಜ ಇಳಿಸಿದ ಕಳ್ಳನ್ನು ಗೆರಟೆಯಲ್ಲಿ ಕದ್ದು ಕುಡಿದು ಶಾಲೆಯ ಹಿಂದೆ ನಿದ್ದೆ ಹೋದವಳು ನಾನು. ಮರುದಿನ ಮಗಳು ಇನ್ನೂ ಎದ್ದಿರಲಿಲ್ಲ. ಬೆಳಗ್ಗಿನ ಖಾಲಿ ಹೊಟ್ಟೆಯಲ್ಲಿ, ಅಡುಗೆಮನೆಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಸ್ಟೀಲು ಲೋಟಕ್ಕೆ ಸುರಿದು ಒಂದಾದ ಮೇಲೊಂದು ಕುಡಿದೆ. ಹಸಿರು, ಇವರು ಹೇಳಿದ ಹಾಗೆ, ನೀರು. ನೀಲಿಯ ಕಹಿ ಬೇವಿನ ಕಡ್ಡಿ ಜಗಿದು ಬಾಯಿ ಮುಕ್ಕಳಿಸಿದ ಮೇಲೆ ಉಳಿಯುವಷ್ಟು. ಎರಡನೆಯ ಸೊನ್ನೆ ಇಲ್ಲದ ಬಂಗಾರದ್ದನ್ನು ಕೊನೆಗೆ ಇಟ್ಟುಕೊಂಡು ಕ್ಯಾನು ಪೂರ್ತಿ ಖಾಲಿ ಮಾಡಿದೆ. ಜ್ವರ ಬಂದಾಗ ಕೊಡುವ ಬಾರ್ಲಿ ನೀರಿಗೆ ಯಾರೋ ಸೋಡಾ ಬೆರೆಸಿದ ಹಾಗಿತ್ತು. ಆದರೂ ಮೂರರಲ್ಲಿ ಅದೇ ಮೇಲು, ನೊರೆ ಲೋಟದ ಅಂಚಿನಲ್ಲಿ ಬಹಳ ಹೊತ್ತು ನಿಂತಿತ್ತು. ಇವರ ತೀರ್ಪು ಸರಿಯಾಗಿಯೇ ಇತ್ತು.

ಗೋಡೆಗೆ ಒರಗಿ ಅಮಲು ಏರಲಿ ಎಂದು ಕಾದೆ. ತೇಗು ಬಂತು. ಇನ್ನೊಂದು ತೇಗು ಬಂತು. ಎದ್ದು ಟೈಲ್ಸಿನ ಗೆರೆ ಹಿಡಿದು ಬಾಗಿಲವರೆಗೆ ನಡೆದೆ, ಕಾಲು ಗೆರೆ ಬಿಡಲಿಲ್ಲ. ಸೊನ್ನೆ ಎಂದರೆ ಸೊನ್ನೆಯೇ. ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ. ಅಲ್ಲೇ ಬಾಗಿಲು ಹಿಡಿದು ನಿಂತುಬಿಟ್ಟೆ. ಹಾಗಾದರೆ ಅಷ್ಟು ಗುರುವಾರ ಇವರು ಹೇಳಿದ್ದೆಲ್ಲ ನೆಟ್ಟಗಿನ ತಲೆಯಲ್ಲಿ ಹೇಳಿದ್ದು. ಹೋಗಬೇಡಿ ಎಂದು ಬಾಯಿಬಿಟ್ಟು ಕೇಳಿಕೊಂಡ ಮನುಷ್ಯನ ಎದುರು ನಾನು ಪ್ರತಿ ಸಲವೂ ಎದ್ದು ಪಾತ್ರೆ ತೊಳೆಯಲು ಹೋಗಿದ್ದೆ. ಅಳು ಬಂತು, ಅತ್ತೆ.

ಆ ಗುರುವಾರ ಇವರು ಬಂದು ಸ್ನಾನ ಮಾಡಿ ಅಂಗಳಕ್ಕೆ ಹೋಗುವ ಮೊದಲೇ ಚಹಾ ಕೊಟ್ಟು ಎದುರು ಕೂತೆ. ನೀವು ಪ್ರತಿ ಗುರುವಾರ ಒಂದು ಮಾತು ಹೇಳುತ್ತೀರಲ್ಲ, ಅದನ್ನು ಈಗ ಹೇಳಿ ಎಂದೆ.

“ಯಾವ ಮಾತು?” ಎಂದರು.

ಹಿಂದಿನ ಹಾಗೆಯೇ ಮರೆತರೇ? ಕುಡಿದು ನೋಡಿದ ನನ್ನ ನಾಲಗೆಯೇ ಸುಳ್ಳು ಹೇಳಿತೇ? ಆಮೇಲೆ ಇವರ ಕೈ ನೋಡಿದೆ. ಚಹಾದ ಲೋಟವನ್ನು ಸುಮ್ಮನೆ ತಿರುಗಿಸುತ್ತಿದ್ದರು, ಕುಡಿಯುತ್ತಿರಲಿಲ್ಲ. ನೀನು ನಿಶ್ಚಯ ಮಾಡಿಯಾಗಿದೆಯಲ್ಲ, ಟಿಕೆಟಿನ ವಿಷಯ ಮಗಳು ಹೇಳಿದಳು ಎಂದು ಲೋಟಕ್ಕೇ ಹೇಳಿದರು. ಮರೆತಿರಲಿಲ್ಲ. ಜೀವಮಾನವಿಡೀ ಮನಸ್ಸಿನ ಮಾತನ್ನು ಗ್ಲಾಸು ಹಿಡಿದೇ ಆಡಿದವರಿಗೆ ಬರಿಗೈಯಲ್ಲಿ ಆಡುವುದು ಗೊತ್ತಿರಲಿಲ್ಲ ಅಷ್ಟೇ.

ಎದ್ದು ಹೋಗಿ ಫ್ರಿಜ್ಜಿನಿಂದ ಉಳಿದಿದ್ದ ಹಸಿರು ಕ್ಯಾನು ತಂದೆ. ಬಾಯಿ ಬಿಚ್ಚಿ, ಒಮ್ಮೆ ಮೂಸಿದೆ. ಮೂಸದಿದ್ದರೆ ನಾನು ನಾನಲ್ಲ. ಆಮೇಲೆ ಚಹಾದ ಲೋಟ ಪಕ್ಕಕ್ಕೆ ಸರಿಸಿ, ಗ್ಲಾಸು ಇಟ್ಟು, ಎರಡೂ ಕೈಯಿಂದ ಹಿಡಿದು ಸುರಿದೆ. ಇವರು ನನ್ನ ಕೈಯನ್ನೇ ನೋಡುತ್ತಿದ್ದರು.

“ಬಂಗಾರದ್ದು ಇರ್ಲಿಲ್ವಾ?”

“ನಾನು ಕುಡಿದೆ” ಎಂದೆ.

ಇವರು ಗ್ಲಾಸು ಎತ್ತಿದರು. ಮೊದಲ ಗುಟುಕು ಕುಡಿದರು, ಎರಡನೆಯದೂ ಇಳಿಯಿತು. ಆಮೇಲೆ ಗ್ಲಾಸು ಕೆಳಗಿಟ್ಟು, ನನ್ನ ಮುಖ ನೋಡಿ, ಹೋಗುವುದು ಬೇಡ ಎಂದರು.

ಗ್ಲಾಸಿನ ಮುಂದೆ ಆಡಿದ ಮಾತಿಗೆ ಆ ದಿನ ಉತ್ತರ ಕೊಟ್ಟೆ.

“ಹೋಗುದಿಲ್ಲ.”