ಡಾಕ್ಟರಬಾಯಿ ಕಾಲಿಡದ ಮೆಟ್ಟಿಲು

ಸುಭದ್ರಾಬಾಯಿಯವರು ತಮ್ಮ ಜೀಪು ಹತ್ತುವುದನ್ನು ನೋಡಲೆಂದೇ ಮರಾಠಿ ಸೀಮೆಯ ಕಲ್ಯಾಣದ ಆ ಗಲ್ಲಿಯ ಜನ ಬಾಗಿಲಿಗೆ ಬರುತ್ತಿದ್ದರು. ಅವರು ನನ್ನ ಭುಜದವರೆಗೆ ಬರುತ್ತಿದ್ದ ಗಿಡ್ಡ ಹೆಂಗಸು. ಜೀಪೋ, ಲಾರಿಗೆ ಹಾಕುವಂಥ ಟಾಯರುಗಳ ಮೇಲೆ ಎತ್ತರಕ್ಕೆ ನಿಂತದ್ದು. ಇಳಕಲ್ ಸೀರೆಯ ನಿರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕ್ಯಾನ್ವಾಸ್ ಬೂಟಿನ ಕಾಲನ್ನು ಬಾಗಿಲಿಲ್ಲದ ಆ ಜೀಪಿನ ಅಂಚಿಗೆ ಕೊಟ್ಟು, ಮುಂದಿನ ಗಾಜಿನ ಚೌಕಟ್ಟು ಹಿಡಿದು ಒಂದು ಜಿಗಿತ. ಒಮ್ಮೊಮ್ಮೆ ಮೊದಲ ಜಿಗಿತಕ್ಕೆ ಸೀಟು ಸಿಗುತ್ತಿರಲಿಲ್ಲ. ಆಗ ಎದುರಿನ ಹಾಲಿನಂಗಡಿಯವನು ಮುಖ ಆಚೆ ತಿರುಗಿಸಿ ನಗುತ್ತಿದ್ದ. ತಮಾಷೆಯೆಂದರೆ ಜೀಪಿನ ಹಿಂಭಾಗದಲ್ಲಿ ಎರಡು ಮೆಟ್ಟಿಲಿನ ಗಟ್ಟಿ ಮರದ ಮಣೆಯೊಂದು ಸದಾ ಇರುತ್ತಿತ್ತು. ಅವರು ಮಾತ್ರ ಅದರ ಮೇಲೆ ಕಾಲಿಡುತ್ತಿರಲಿಲ್ಲ.

ಧಾರವಾಡದ ಕಡೆಯವರು, ಹೆರಿಗೆ ಡಾಕ್ಟರು. ಮದುವೆ ಮಾಡಿಕೊಂಡಿರಲಿಲ್ಲ, ಆ ಬಗ್ಗೆ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ನಾನು ಉಡುಪಿಯ ಕಡೆಯಿಂದ ಮದುವೆಯಾಗಿ ಕಲ್ಯಾಣದ ಪಕ್ಕದ ಡೊಂಬಿವಲಿಗೆ ಬಂದವಳು. ನರ್ಸಿಂಗ್ ಕಲಿತಿದ್ದರಿಂದ, ಎಪ್ಪತ್ತರ ದಶಕದ ಕೊನೆಯಲ್ಲಿ ಅವರ ದವಾಖಾನೆಯಲ್ಲಿ ಕೆಲಸ ಸಿಕ್ಕಿತು. ಇಬ್ಬರದೂ ಕನ್ನಡವೇ. ಆದರೂ ಮೊದಮೊದಲು ಅವರ ಮಾತು ನನಗೆ ಅರ್ಧ, ನನ್ನ ಮಾತು ಅವರಿಗೆ ನಗೆ. "ಡಾಕ್ಟ್ರಮ್ಮ, ಆ ಪೇಷಂಟಿಗೆ ಇಂಜೆಕ್ಷನ್ ಕೊಡ್ಲಿಕ್ಕುಂಟು" ಅಂದರೆ, "ಕೊಡ್ಲಿಕ್ಕುಂಟಲ್ಲಾ, ಮತ್ತ ನಿಂತೀ ಯಾಕ?" ಎಂದು ನನ್ನ ದನಿಯಲ್ಲೇ ಅಣಕಿಸುತ್ತಿದ್ದರು. ಸಿಟ್ಟು ಮೂಗಿನ ತುದಿಯಲ್ಲಿ. ಲೋಕಲ್ ರೈಲು ತಡವಾಗಿ ನಾನು ಓಡೋಡಿ ಬಂದರೆ ಬಾಗಿಲಲ್ಲೇ ಕೇಳಿಸುತ್ತಿತ್ತು: "ಹೊಟ್ಟ್ಯಾಗಿನ ಕೂಸಿಗೆ ಲೋಕಲ್ ಟೈಮ್ ಗೊತ್ತಿರೂದಿಲ್ಲ, ಶಾರದಾ!" ಬೈದು ಮುಗಿಸಿದ ಮೇಲೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಇದ್ದ ಡಬ್ಬಿ ನನ್ನ ಕಡೆ ಸರಿಯುತ್ತಿತ್ತು.

ವಾರಕ್ಕೊಮ್ಮೆ ನಾವು ಅಂಬರನಾಥ ದಾಟಿ ಗುಡ್ಡದ ಬುಡದ ಪಾಡೆಗಳಿಗೆ, ಅಂದರೆ ಆದಿವಾಸಿಗಳ ಕೇರಿಗಳಿಗೆ ಹೋಗುತ್ತಿದ್ದೆವು. ಮಿಲಿಟರಿಯವರು ಹರಾಜು ಹಾಕಿದ್ದ ಹಳೇ ಜೀಪು, ನಡೆಸುವವರು ಅವರೇ. ಬೇಸಿಗೆಯಲ್ಲಿ ತೊಂದರೆಯಿರಲಿಲ್ಲ. ಮಳೆ ಹಿಡಿದರೆ ದಾರಿಯಲ್ಲಿನ ಒಂದು ನಾಲೆಯ ಸುತ್ತ ಗದ್ದೆ ಯಾವುದು, ರಸ್ತೆ ಯಾವುದು ತಿಳಿಯುತ್ತಿರಲಿಲ್ಲ. ಅಂಥ ಒಂದು ಮಳೆಗಾಲ, ಪಾಡೆಯಲ್ಲಿ ಒಬ್ಬಳಿಗೆ ಹೆರಿಗೆ ಕಷ್ಟವಾಗಿದೆ ಎಂದು ಸುದ್ದಿ ಬಂತು. ನಾಲೆಯ ಹತ್ತಿರ ಜೀಪಿನ ಹೊಟ್ಟೆ ಕೆಸರಿಗೆ ತಾಗಿ ಕುಳಿತುಬಿಟ್ಟಿತು. ಗಾಲಿ ತಿರುಗಿದಷ್ಟೂ ಹೂತಿತು. ಜೀಪು ಬಿಟ್ಟು ನಡೆದೆವು. ನಾವು ಮುಟ್ಟುವಷ್ಟರಲ್ಲಿ ತಾಯಿಯೂ ಇಲ್ಲ, ಮಗುವೂ ಇಲ್ಲ.

ವಾಪಸು ಬಂದ ಮೇಲೆ ಕೆಲವು ದಿನ ಡಾಕ್ಟ್ರಮ್ಮನ ಬೈಗುಳವೇ ಇಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಒಂದು ಬೆಳಿಗ್ಗೆ ಸ್ಟೆತಸ್ಕೋಪು ಮೇಜಿನ ಮೇಲಿಟ್ಟು, "ನಡೀ, ಗಫೂರನ ಕಡೆ ಹೋಗೂಣು. ಗಾಡಿಗೆ ದೊಡ್ಡ ಗಾಲಿ ಹಾಕಸ್ಬೇಕು" ಅಂದರು.

ಗಫೂರ್ ಅಂಬರನಾಥದ ರಸ್ತೆಯಲ್ಲಿ ಟಾಯರ್ ಅಂಗಡಿ ಇಟ್ಟುಕೊಂಡಿದ್ದ. ಜೀಪಿನ ಸುತ್ತ ಒಂದು ಸುತ್ತು ಬಂದು ತಲೆ ಕೆರೆದುಕೊಂಡ. ದೊಡ್ಡ ಟಾಯರು ಕೂರುತ್ತದೆ, ಆದರೆ ಮುಂದಿನ ಮಡ್‌ಗಾರ್ಡಿಗೆ ಉಜ್ಜುತ್ತದೆ; ಅದರ ಅಂಚು ಕತ್ತರಿಸಬೇಕು. ಸ್ಪ್ರಿಂಗಿಗೆ ಇನ್ನೊಂದೆರಡು ಪಟ್ಟಿ ಸೇರಿಸಿ ಎತ್ತಬೇಕು. ಸ್ಟೇರಿಂಗು ಪೂರ್ತಿ ತಿರುಗುವುದಿಲ್ಲ, ಏರಿನಲ್ಲಿ ಎಳೆತ ಕಡಿಮೆ, ಬ್ರೇಕು ತಡವಾಗಿ ಹಿಡಿಯುತ್ತದೆ. ಇಷ್ಟು ಹೇಳಿ, "ಬಾಯಿ, ಗಾಡಿ ಕಾ ಮಿಜಾಜ್ ಬದಲ್ ಜಾಯೇಗಾ" ಅಂದ, ಗಾಡಿಯ ಸ್ವಭಾವವೇ ಬದಲಾದೀತು ಎಂದು.

"ಮೇರಾ ಮಿಜಾಜ್ ಸಹತಾ ಹೈ ನಾ ತುಮ್? ಗಾಡಿ ಕಾ ಮೈ ಸಹ ಲೇಗಿ" ಎಂದರು ಡಾಕ್ಟ್ರಮ್ಮ, ತಮ್ಮ ಧಾರವಾಡದ ಹಿಂದಿಯಲ್ಲಿ: ನನ್ನ ಸ್ವಭಾವ ನೀನು ಸಹಿಸುತ್ತೀಯಲ್ಲ, ಗಾಡಿಯದನ್ನು ನಾನು ಸಹಿಸುತ್ತೇನೆ ಎಂದು.

ಕತ್ತರಿಸುವ ಗೆರೆಯನ್ನು ಅವರೇ ಹಾಕಿದರು, ಗಾಯಕ್ಕೆ ಹಚ್ಚುವ ನೇರಳೆ ಔಷಧಿಯನ್ನು ಹತ್ತಿಯಲ್ಲಿ ಅದ್ದಿ. ಗಫೂರ್ ಬೇಡವೆಂದರೂ ಕೇಳಲಿಲ್ಲ. ಗೆರೆ ಸೊಟ್ಟಗಾಗಿತ್ತು, ಮಡ್‌ಗಾರ್ಡೂ ಸೊಟ್ಟಗೇ ಕತ್ತರಿಸಿಕೊಂಡಿತು. ಕೊನೆಯವರೆಗೂ ಹಾಗೇ ಇತ್ತು. ಸಂಜೆಗೆ ಜೀಪು ಮುಕ್ಕಾಲು ಗೇಣು ಎತ್ತರ ಬೆಳೆದು ನಿಂತಿತು. ಡಾಕ್ಟ್ರಮ್ಮ ಒಂದೊಂದೇ ಟಾಯರಿನ ಬೆನ್ನು ತಟ್ಟುತ್ತಾ ಸುತ್ತು ಬಂದರು. ಆಗತಾನೇ ಹುಟ್ಟಿದ ಮಗುವನ್ನು ಅಳಿಸಲು ತಟ್ಟುವಂತೆಯೇ. ಮುಂದೆ ಪ್ರತಿ ಸಲ ಹೊರಡುವ ಮೊದಲು ಅದೊಂದು ರೂಢಿಯಾಯಿತು.

ಗಫೂರ್ ಹೇಳಿದ್ದೆಲ್ಲ ನಿಜವಾಯಿತು. ಮೊದಲು ಒಂದೇ ತಿರುವಿಗೆ ಗಲ್ಲಿಯಿಂದ ಹೊರಬೀಳುತ್ತಿದ್ದ ಜೀಪು ಈಗ ಹಿಂದೆ ಮುಂದೆ, ಹಿಂದೆ ಮುಂದೆ ಹೋಗಬೇಕಾಯಿತು. ತರಕಾರಿ ಮಾರುವವಳು ಬುಟ್ಟಿ ಎತ್ತಿಕೊಂಡು ಗೋಡೆಗೆ ಅಂಟಿಕೊಳ್ಳುತ್ತಿದ್ದಳು. ಡಾಕ್ಟ್ರಮ್ಮನ ತೋಳು ನೋಯುತ್ತಿತ್ತು, ನಾನೇ ಎಣ್ಣೆ ಹಚ್ಚುತ್ತಿದ್ದೆ. ಆದರೂ ಮಳೆಗಾಲ ಬರುವುದನ್ನೇ ಅವರು ಕಾಯುತ್ತಿದ್ದರು.

ಬಂತು. ಜೋರು ಮಳೆಯ ಒಂದು ಮಧ್ಯಾಹ್ನ ಅದೇ ಪಾಡೆಯಿಂದ ಕರೆ. ಹೀರಾ ಎಂಬ ಹುಡುಗಿ, ಚೊಚ್ಚಲು, ರಾತ್ರಿಯಿಂದ ಬೇನೆ. ಅದೇ ನಾಲೆ ಎದುರಾಯಿತು. ನಾನು ಕಣ್ಣು ಮುಚ್ಚಿ ಊರ ದೇವರನ್ನು ನೆನೆಸಿಕೊಂಡೆ. ಟಾಯರುಗಳು ಕೆಸರನ್ನು ಎರಡೂ ಕಡೆ ಎರಚುತ್ತಾ, ಗುರುಗುಟ್ಟುತ್ತಾ, ಜೀಪನ್ನು ಆಚೆ ದಡಕ್ಕೆ ಹತ್ತಿಸಿಬಿಟ್ಟವು. ಡಾಕ್ಟ್ರಮ್ಮ ಹಾರ್ನು ಒತ್ತಿ ಹಿಡಿದು ಗಟ್ಟಿಯಾಗಿ ನಕ್ಕರು. "ನೋಡ್ದೀ? ನೋಡ್ದೀ ಇಲ್ಲೋ?" ಎಂದು ನನ್ನ ತೊಡೆಗೆ ಹೊಡೆದರು. ಅವರನ್ನು ಅಷ್ಟು ಸಂತೋಷದಲ್ಲಿ ನಾನು ಕಂಡದ್ದು ಅದೇ ಮೊದಲು.

ಆ ಸಂತೋಷ ಹೀರಾಳ ಗುಡಿಸಲಿನವರೆಗೆ ಮಾತ್ರ. ಹೆರಿಗೆ ಅಲ್ಲಿ ಆಗುವಂತಿರಲಿಲ್ಲ, ಕಲ್ಯಾಣಕ್ಕೆ ಒಯ್ಯಲೇಬೇಕು. ಗಂಡಸರು ಅವಳನ್ನು ಕಂಬಳಿಯಲ್ಲಿ ಎತ್ತಿ ತಂದರು. ಜೀಪಿನ ಹಿಂದೆ ಬಂದು ನಿಂತಾಗ ಎಲ್ಲರಿಗೂ ಒಟ್ಟಿಗೇ ಕಂಡಿತು: ಜೀಪಿನ ತಳ ಅವರ ಸೊಂಟಕ್ಕೂ ಮೇಲಿತ್ತು. ಎತ್ತಿದರು. ಒದ್ದೆ ಕಂಬಳಿ ಕೈ ಜಾರಿ ಒಂದು ಕಡೆ ವಾಲಿತು. ಹೀರಾ ಕಿರುಚಿದ್ದು ಈಗಲೂ ನನ್ನ ಕಿವಿಯಲ್ಲಿದೆ. ಕೆಸರು ದಾಟುವುದನ್ನು ಡಾಕ್ಟ್ರಮ್ಮ ಒಂದು ವರ್ಷ ಯೋಚಿಸಿದ್ದರು. ಬೇನೆ ತಿನ್ನುವವಳು ಇಷ್ಟೆತ್ತರ ಹತ್ತುವುದು ಹೇಗೆ ಎಂದು ಒಂದು ಗಳಿಗೆಯೂ ಯೋಚಿಸಿರಲಿಲ್ಲ. ಹೆರಿಗೆ ಡಾಕ್ಟರಾಗಿ!

ದಾರಿ ತೋರಿಸಿದವಳು ಹೀರಾಳ ಅತ್ತೆ. ಭತ್ತ ಕುಟ್ಟುವ ಮರದ ಒರಳನ್ನು ಮಳೆಯಲ್ಲೇ ಉರುಳಿಸಿಕೊಂಡು ಬಂದು ಜೀಪಿನ ಹಿಂದೆ ಬೋರಲು ಹಾಕಿದಳು. ಹೀರಾ ಕಂಬಳಿಯಿಂದ ಇಳಿದು, "ಮಲಾ ಉಚಲೂ ನಕಾ," ನನ್ನನ್ನು ಎತ್ತಬೇಡಿ ಎಂದಳು. ನನ್ನ ಹೆಗಲು ಹಿಡಿದು, ಒರಳಿನ ಮೇಲೆ ಒಂದು ಕಾಲಿಟ್ಟು, ಉಸಿರು ಬಿಗಿಹಿಡಿದು ತಾನೇ ಹತ್ತಿದಳು. ಕಲ್ಯಾಣದಲ್ಲಿ ಗಂಡುಮಗು ಹುಟ್ಟಿತು. ತಾಯಿಯೂ ಉಳಿದಳು.

ಮರುದಿನವೇ ಡಾಕ್ಟ್ರಮ್ಮ ಬಡಗಿಗೆ ಹೇಳಿ ಆ ಎರಡು ಮೆಟ್ಟಿಲಿನ ಮಣೆ ಮಾಡಿಸಿದರು. ಒದ್ದೆ ಕಾಲು ಜಾರದಿರಲಿ ಎಂದು ಗಫೂರ್ ಜೀಪಿನ ಹಳೇ ಸಣ್ಣ ಟಾಯರು ಕತ್ತರಿಸಿ, ಅದರ ರಬ್ಬರನ್ನು ಮೆಟ್ಟಿಲುಗಳಿಗೆ ಮೊಳೆ ಹೊಡೆದು ಕೂರಿಸಿಕೊಟ್ಟ. ಆಮೇಲೆ ಎಷ್ಟು ಬಸುರಿಯರು ಅದರ ಮೇಲೆ ಕಾಲಿಟ್ಟು ಹತ್ತಿದರೋ. ಪ್ರತಿ ಸಲ ಮಣೆ ಇಡುವವಳು ನಾನು. ಅಲ್ಲಾಡುತ್ತದೆಯೋ ಎಂದು ಕೈಯಿಂದ ಒತ್ತಿ ನೋಡುವವರು ಅವರು.

"ಡಾಕ್ಟ್ರಮ್ಮ, ನೀವು ಸಹ ಇದರ ಮೇಲೆ ಹತ್ತಿದ್ರೆ ಆಗುದಿಲ್ವಾ? ಜನ ನಗ್ತಾರೆ" ಎಂದು ಒಮ್ಮೆ ಹೇಳಿದೆ.

"ನಗಲಿ. ಅದು ಬ್ಯಾನಿ ತಿನ್ನೋರ್ದು. ನನಗೇನ್ ಧಾಡಿಯಾಗೇದ?" ಎಂದು ಜಿಗಿದರು. ಆ ದಿನ ಮೂರನೆಯ ಜಿಗಿತಕ್ಕೆ ಸೀಟು ಸಿಕ್ಕಿತು.

ಹೀಗೇ ವರ್ಷಗಳು ಕಳೆದವು. ಪಾಡೆಯವರೆಗೆ ಡಾಂಬರು ಬಂತು, ನಾಲೆಗೆ ಸೇತುವೆ ಬಂತು. ಇನ್ನು ಸಣ್ಣ ಟಾಯರೇ ಹಾಕಿಸಿ ಎಂದು ಗಫೂರ್ ಹೇಳಿದರೆ ಅವರು ಕೇಳಲಿಲ್ಲ. ಅಷ್ಟರಲ್ಲಿ ಅವರು ಸೊರಗತೊಡಗಿದ್ದರು. ಊಟ ಸೇರುತ್ತಿರಲಿಲ್ಲ, ರೊಟ್ಟಿಯ ಡಬ್ಬಿ ಪೂರ್ತಿ ನನ್ನ ಕಡೆಗೇ ಬರುತ್ತಿತ್ತು. ಕೇಳಿದರೆ ಬೈಯುತ್ತಿದ್ದರು, ಆ ಬೈಗುಳಕ್ಕೂ ಮೊದಲಿನ ಕಸುವಿರಲಿಲ್ಲ. ಕಡೆಗೆ ಒಂದು ದಿನ, "ಠಾಣೆ ಊರೊಳಗ ದೊಡ್ಡ ದವಾಖಾನಿಗೆ ತೋರಿಸ್ಕೊಂಡು ಬರ್ತೀನಿ. ಗಫೂರ ಗಾಡಿ ನಡಸ್ತಾನ. ನೀ ಇಲ್ಲೇ ಇರು, ಪೇಷಂಟ್ ಬರ್ತಾರ" ಅಂದರು.

ಬೆಳಗಿನ ಹೊತ್ತು. ಹಾಲಿನಂಗಡಿಯವನು ಎಂದಿನಂತೆ ಬಾಗಿಲಲ್ಲಿದ್ದ. ಡಾಕ್ಟ್ರಮ್ಮ ನಾಲ್ಕೂ ಟಾಯರು ತಟ್ಟಿದರು. ಆಚೆ ಬದಿಯ ಸೀಟಿನ ಹತ್ತಿರ ಬಂದು ಚೌಕಟ್ಟು ಹಿಡಿದು ಕಾಲೆತ್ತಿದರು. ಆ ಕಾಲು ಅಂಚಿನವರೆಗೆ ಹೋಗದೆ ಮತ್ತೆ ನೆಲಕ್ಕೇ ಬಂತು.

"ಶಾರದಾ, ಆ ಮಣಿ ತಗೀ."

ಯಾರೋ ಪೇಷಂಟ್ ಬಂದರೆಂದುಕೊಂಡು ನಾನು ಹಿಂದೆ ತಿರುಗಿ ನೋಡಿದೆ. ಗಲ್ಲಿಯಲ್ಲಿ ಯಾವ ಬಸುರಿಯೂ ಇರಲಿಲ್ಲ.

"ಯಾರಿಗೆ ಡಾಕ್ಟ್ರಮ್ಮ?" ಎಂದು ಕೇಳಿಬಿಟ್ಟೆ.

"ನನಗ."

ಅವರು ಮರಳಿ ಬರುವುದಿಲ್ಲವೆಂದು ನನಗೆ ಗೊತ್ತಾದದ್ದು ಆಗಲೇ. ಠಾಣೆಯ ದವಾಖಾನೆಯಿಂದ ಸುದ್ದಿ ಬಂದದ್ದು ಆಮೇಲೆ. ಕಣ್ಣು ಮಂಜಾಗಿ ಮಣೆಯನ್ನು ಸರಿಯಾಗಿ ಇಡಲೂ ಆಗಲಿಲ್ಲ. ಗಫೂರ್ ಸ್ಟೇರಿಂಗಿನ ಮೇಲೆ ತಲೆ ಬಗ್ಗಿಸಿಕೊಂಡಿದ್ದ, ಹಾಲಿನಂಗಡಿಯವನು ನಗಲಿಲ್ಲ. ಅವರು ನನ್ನ ಹೆಗಲು ಹಿಡಿದು ಮೊದಲ ಮೆಟ್ಟಿಲೇರಿದರು, ಎರಡನೆಯದಕ್ಕೆ ಬಂದು ನಿಂತರು. ಕೂರುವ ಮೊದಲು ಆ ರಬ್ಬರನ್ನು ಬೂಟುಗಾಲಿನಿಂದ ಒಮ್ಮೆ ಒತ್ತಿ, ಉಜ್ಜಿ ನೋಡಿದರು.

"ಚಲೋ ಅದ, ಶಾರದಾ," ಅಂದರು. "ಜಾರೂದಿಲ್ಲ."